ಕಂತಿನ ಮೇಲೆ ತಂದ ದಶಕ

(ನಮ್ಮೂರಿನ ಓದುಗರ ಬಳಗದಲ್ಲಿ ಕಳೆದ ತಿಂಗಳು ಆಡಿದ ಮಾತುಗಳ ಬರಹ ರೂಪ. ಅಂದು ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಬೆರೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. 1920ರ ದಶಕದ ಅಮೆರಿಕ ಅಂದರೆ ಜಾಝ್ ಸಂಗೀತ, ಕದ್ದು ಮಾರುವ ಸಾರಾಯಿ, ಗಿಡ್ಡ ಕೂದಲಿನ ಹುಡುಗಿಯರು, ಬಂದೂಕು ಹಿಡಿದ ದಾದಾಗಳು. ಸಿನಿಮಾ ನೋಡುವವರಿಗೆಲ್ಲ ಇಷ್ಟು ಗೊತ್ತು. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ, ಸೋತುಹೋದ ಒಂದು ಯೋಜನೆಯಿಂದ.

1923ರಲ್ಲಿ ಹೆನ್ರಿ ಫೋರ್ಡ್ ಒಂದು ಉಳಿತಾಯ ಯೋಜನೆ ತಂದರು. ಮಾಡೆಲ್ ಟಿ ಕಾರು ಬೇಕಾದವರು ವಾರಕ್ಕೆ 5 ಡಾಲರ್‌ನಂತೆ ಕಟ್ಟುತ್ತ ಹೋಗಬೇಕು. ಹಣ ಬ್ಯಾಂಕಿನಲ್ಲಿ ಬಡ್ಡಿ ಸಮೇತ ಬೆಳೆಯುತ್ತದೆ. ಕಾರಿನ ಬೆಲೆಯಷ್ಟು ಕೂಡಿದ ದಿನ ಬಂದು ಗಾಡಿ ಒಯ್ಯಬಹುದು. ನಮ್ಮ ಅಜ್ಜಂದಿರು ಕೇಳಿದ್ದರೆ ತಲೆದೂಗುತ್ತಿದ್ದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಹಾಗೆ. ಸಾಲವೂ ಇಲ್ಲ, ಶೂಲವೂ ಇಲ್ಲ. ಅಮೆರಿಕದವರು ಮಾತ್ರ ಅತ್ತ ತಿರುಗಿಯೂ ನೋಡಲಿಲ್ಲ. ಎದುರಾಳಿ ಕಾರು ಕಂಪನಿ ಜನರಲ್ ಮೋಟರ್ಸ್ 1919ರಲ್ಲೇ ಸಾಲ ಕೊಡಲೆಂದು ತನ್ನದೇ ಒಂದು ಕಂಪನಿ ತೆರೆದು ಕೂತಿತ್ತು. ಬೆಲೆಯ ಮೂರನೇ ಒಂದು ಭಾಗದಷ್ಟು ಮುಂಗಡ ಕೊಡಿ, ಗಾಡಿ ಇವತ್ತೇ ಒಯ್ಯಿರಿ, ಉಳಿದದ್ದು ತಿಂಗಳು ತಿಂಗಳು ಕಟ್ಟಿ. ಕೂಡಿಟ್ಟು ಆಮೇಲೆ ಕೊಳ್ಳಿ ಎಂದ ಫೋರ್ಡ್ ಸೋತರು. 1928ರಲ್ಲಿ ಅವರ ಕಂಪನಿಯೂ ಸಾಲದ ಅಂಗಡಿ ತೆರೆಯಬೇಕಾಯಿತು.

ಈ ಒಂದು ಸೋಲಿನಲ್ಲಿ ಇಡೀ ದಶಕ ಅಡಗಿದೆ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅನ್ನುವುದನ್ನು ಹೇಳುವ ಮೊದಲು ನನ್ನ ಮನೆಯ ಒಂದು ಮಾತು. ನಮ್ಮ ತಂದೆ ಕಿರಾಣಿ ಅಂಗಡಿ ಇಟ್ಟಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ರಿ ಪುಸ್ತಕ. ಯಾರಿಗೆ ಎಷ್ಟು ಉದ್ರಿ ಕೊಡಬಹುದು ಅನ್ನುವುದು ಆ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ, ಅಪ್ಪನ ತಲೆಯಲ್ಲಿತ್ತು. ಬಂದವನ ಮುಖ ನೋಡಿದರೆ ಸಾಕು, ಅವನ ಅಪ್ಪ ಯಾರು, ಈ ಸಲ ಭತ್ತ ಹೇಗೆ ಬಂತು, ಮಗಳ ಮದುವೆ ಯಾವಾಗ, ಎಲ್ಲ ಲೆಕ್ಕವಾಗಿ ಅರ್ಧ ಕೆಜಿ ಸಕ್ಕರೆ ತೂಗುತ್ತಿತ್ತು. ಮುಖ ನೋಡಿ ಕೊಡುವ ಸಾಲ ಅದು. ಅದರಲ್ಲಿ ದಯೆಯೂ ಇತ್ತು, ದರ್ಪವೂ ಇತ್ತು. ಕೆಲವರ ಮುಖಕ್ಕೆ ಬಾಕಿಯಿಲ್ಲದಿದ್ದರೂ ಉದ್ರಿ ಸಿಗುತ್ತಿರಲಿಲ್ಲ. ಯಾರಿಗೆ ಅಂತ ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಸಣ್ಣ ಊರುಗಳಲ್ಲೂ ಮೊದಲು ಹೀಗೇ ಇತ್ತು. ಅಂಗಡಿಯವನು ಗಲ್ಲೆಯ ಹಿಂದೆ ನಿಂತು ಕೇಳಿದ್ದನ್ನು ತೆಗೆದುಕೊಡುತ್ತಿದ್ದ, ಬಾಕಿ ಬರೆದಿಡುತ್ತಿದ್ದ. 1920ರ ದಶಕದಲ್ಲಿ ಎರಡು ಬದಲಾವಣೆ ಒಟ್ಟಿಗೆ ಆದವು. ಒಂದು ಕಡೆ ಸಾಲುಸಾಲು ಅಂಗಡಿಗಳ ದೊಡ್ಡ ಕಂಪನಿಗಳು ಬಂದವು. ಎ ಅಂಡ್ ಪಿ ಎಂಬ ಒಂದೇ ಕಂಪನಿಗೆ ದಶಕದ ಕೊನೆಗೆ 15 ಸಾವಿರ ಮಳಿಗೆ. ಅಲ್ಲಿ ಬೆಲೆ ಕಡಿಮೆ, ಆದರೆ ಉದ್ರಿಯ ಮಾತೇ ಇಲ್ಲ. ನಗದು ಇಟ್ಟು ಸಾಮಾನು ಒಯ್ಯಬೇಕು. ಇನ್ನೊಂದು ಕಡೆ ಕಾರು, ರೇಡಿಯೊ, ಹೊಲಿಗೆ ಯಂತ್ರ, ಬಟ್ಟೆ ಒಗೆಯುವ ಯಂತ್ರ, ಪಿಯಾನೊ ಎಲ್ಲ ಕಂತಿನ ಮೇಲೆ. ಸಕ್ಕರೆಗೆ ಸಾಲವಿಲ್ಲ, ಕಾರಿಗೆ ಉಂಟು! ಕಾರಿಗೆ ಸಾಲ ಕೊಡುವವನು ನಿಮ್ಮ ಮುಖ ನೋಡಿದವನೇ ಅಲ್ಲ. ಅವನಿಗೆ ಬೇಕಾದದ್ದು ಸಂಬಳದ ಚೀಟಿ ಮತ್ತು ಸಹಿ. ಮುಖ ನೋಡಿ ನಡೆಯುತ್ತಿದ್ದ ಬದುಕು ಕಾಗದ ನೋಡಿ ನಡೆಯತೊಡಗಿತು. ಆ ದಶಕದ ಬಿಡುಗಡೆಗೂ ಭಯಕ್ಕೂ ಬೇರು ಇಲ್ಲಿದೆ ಅನ್ನುವುದು ನನ್ನ ವಾದ.

ಹಿನ್ನೆಲೆ ಬೇಗ ಮುಗಿಸುತ್ತೇನೆ. 1918ರ ನವೆಂಬರ್ 11ಕ್ಕೆ ಮೊದಲ ಮಹಾಯುದ್ಧ ನಿಂತಿತು. ಅದೇ ಹೊತ್ತಿಗೆ ಬಂದ ಇನ್‌ಫ್ಲುಯೆಂಜಾ ಅಮೆರಿಕದಲ್ಲೇ ಸುಮಾರು 6.75 ಲಕ್ಷ ಜನರನ್ನು ಕೊಂದಿತು. 1919ರಲ್ಲಿ ಸುಮಾರು 40 ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು, ಬಾಸ್ಟನ್‌ನಲ್ಲಿ ಪೊಲೀಸರೇ ಕೆಲಸ ನಿಲ್ಲಿಸಿದರು. ಷಿಕಾಗೊದ ಜನಾಂಗೀಯ ಗಲಭೆಯಲ್ಲಿ 38 ಜನ ಸತ್ತರು. ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಸಾವಿರಾರು ಜನರನ್ನು ಹಿಡಿದರು. ಅದಾದ ಮೇಲೆ 1920–21ರಲ್ಲಿ ವ್ಯಾಪಾರವೂ ಕುಸಿಯಿತು. ಈ ಎಲ್ಲದರಿಂದ ದಣಿದ ಜನಕ್ಕೆ 1922ರಿಂದ ಕೈಯಲ್ಲಿ ಕಾಸು ಓಡಾಡತೊಡಗಿದ್ದು ಎಷ್ಟು ಹಿತವಾಗಿರಬೇಕು, ಯೋಚಿಸಿ. ಇನ್ನೊಂದು ಅಂಕಿ: 1920ರ ಜನಗಣತಿಯಲ್ಲಿ ಅಮೆರಿಕದ ಇತಿಹಾಸದಲ್ಲೇ ಮೊದಲ ಸಲ ಪಟ್ಟಣವಾಸಿಗಳು ಅರ್ಧಕ್ಕಿಂತ ಹೆಚ್ಚಾದರು. ಪಟ್ಟಣ ಎಂದರೆ 2,500 ಜನ ಇರುವ ಊರೂ ಸೇರಿತು, ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ. ಆದರೂ ಹಳ್ಳಿಯ ದೇಶ ಅಂದುಕೊಂಡಿದ್ದವರಿಗೆ ಆ ಅಂಕಿ ಚುಚ್ಚಿತು.

ಈಗ ಕಾರಿಗೆ ಬರೋಣ. 1908ರಲ್ಲಿ 850 ಡಾಲರ್ ಇದ್ದ ಮಾಡೆಲ್ ಟಿ, ದಶಕದ ನಡುವೆ 300 ಡಾಲರ್‌ಗಿಂತ ಕೆಳಗಿಳಿದಿತ್ತು. ದೇಶದ ರಸ್ತೆಯ ಮೇಲಿದ್ದ ಕಾರುಗಳು 1920ರಲ್ಲಿ 80 ಲಕ್ಷ, 1929ರಲ್ಲಿ 2 ಕೋಟಿ 30 ಲಕ್ಷ. ಬಹುಪಾಲು ಕಂತಿನವು. ಮನೆಯಲ್ಲಿ ಸ್ನಾನದ ತೊಟ್ಟಿ ಇಲ್ಲ, ಕಾರು ಮಾತ್ರ ಇದೆಯಲ್ಲ ಎಂದು ಕೇಳಿದ್ದಕ್ಕೆ ರೈತ ಹೆಂಗಸೊಬ್ಬಳು, ‘ತೊಟ್ಟಿಯಲ್ಲಿ ಕೂತು ಪೇಟೆಗೆ ಹೋಗಲಿಕ್ಕಾಗುತ್ತಾ?’ ಅಂದಳಂತೆ. ಈ ಕಥೆ ಆ ಕಾಲದಿಂದಲೂ ಚಾಲ್ತಿಯಲ್ಲಿದೆ. ನನಗೆ ಅವಳ ಉತ್ತರದಲ್ಲಿ ತಮಾಷೆಗಿಂತ ಬುದ್ಧಿ ಹೆಚ್ಚು ಕಾಣುತ್ತದೆ. ಹತ್ತು ಮೈಲಿ ದೂರದ ಪೇಟೆ ವರ್ಷಕ್ಕೆ ನಾಲ್ಕು ಸಲದ ಬದಲು ವಾರಕ್ಕೊಮ್ಮೆ ಸಿಕ್ಕರೆ ಆ ಹೆಂಗಸಿನ ಲೋಕವೇ ಬೇರೆ.

ಪಾದ್ರಿಗಳಿಗೂ ಅಪ್ಪಂದಿರಿಗೂ ಕಾರಿನ ಚಿಂತೆ ಬೇರೆ ಥರದ್ದು. ಅಲ್ಲಿಯವರೆಗೆ ಹುಡುಗ ಹುಡುಗಿಯನ್ನು ನೋಡಲು ಅವಳ ಮನೆಯ ಜಗಲಿಗೆ ಬರಬೇಕಿತ್ತು. ಒಳಗೆ ಅಮ್ಮ ಕಿವಿ ನೆಟ್ಟು ಕೂತಿರುತ್ತಿದ್ದಳು. ಈಗ ಜಗಲಿಗೇ ಚಕ್ರ ಬಂತು. ಭಾನುವಾರ ಚರ್ಚಿಗೆ ಹೋಗಬೇಕಾದ ಸಂಸಾರ ಗಾಡಿ ಹತ್ತಿ ಕೆರೆದಂಡೆಗೆ ಹೋಯಿತು.

ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದು ಎಲ್ಲರ ದಶಕವಾಗಿರಲಿಲ್ಲ. 1930ರಲ್ಲಿ ಅಮೆರಿಕದ ಮನೆಗಳಲ್ಲಿ ಮೂರರಲ್ಲಿ ಎರಡಕ್ಕೆ ವಿದ್ಯುತ್ ಇತ್ತು. ರೈತರ ಮನೆಗಳನ್ನು ಮಾತ್ರ ಎಣಿಸಿದರೆ ಹತ್ತರಲ್ಲಿ ಒಂದಕ್ಕೆ. ಯುದ್ಧಕಾಲದಲ್ಲಿ ಗೋಧಿ ಬುಷೆಲ್ ಎಂಬ ಅಳತೆಗೆ 2 ಡಾಲರ್ ದಾಟಿತ್ತು. ಅದನ್ನು ನಂಬಿ ರೈತರು ಸಾಲ ಮಾಡಿ ಜಮೀನು ಕೊಂಡರು, ಟ್ರ್ಯಾಕ್ಟರ್ ಕೊಂಡರು. ಯುರೋಪಿನ ಹೊಲಗಳು ಮತ್ತೆ ಹಸಿರಾದವು. 1921ರ ಹೊತ್ತಿಗೆ ಗೋಧಿಯ ಬೆಲೆ ಅರ್ಧಕ್ಕೆ ಬಿತ್ತು, ಸಾಲ ಮಾತ್ರ ಅಷ್ಟೇ ಉಳಿಯಿತು. ಸಮೃದ್ಧಿಯ ದಶಕ ಎನ್ನುವ ಅದೇ ಹತ್ತು ವರ್ಷದಲ್ಲಿ 5 ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಮುಳುಗಿದವು, ಹೆಚ್ಚಿನವು ಹಳ್ಳಿಗಾಡಿನ ಪುಟ್ಟ ಬ್ಯಾಂಕುಗಳು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಅದೊಂದು ದೊಡ್ಡ ಸುದ್ದಿಯೇ ಆಗಲಿಲ್ಲ.

ಕಂತಿನ ಮೇಲೆ ಮಾರಬೇಕಾದರೆ ಮೊದಲು ಬೇಕು ಅನ್ನಿಸಬೇಕಲ್ಲ. ಆ ಕೆಲಸ ಜಾಹೀರಾತಿನದು. ಲಿಸ್ಟರಿನ್ ಎಂಬ ದ್ರಾವಣವನ್ನು ಮೊದಲು ಶಸ್ತ್ರಚಿಕಿತ್ಸೆಗೆ, ಗಾಯ ತೊಳೆಯಲಿಕ್ಕೆ ಬಳಸುತ್ತಿದ್ದರು. 1920ರ ದಶಕದಲ್ಲಿ ಕಂಪನಿಯವರು ಹಳೆಯ ವೈದ್ಯಕೀಯ ಪದವೊಂದನ್ನು ಹುಡುಕಿ ತೆಗೆದರು: ಹ್ಯಾಲಿಟೋಸಿಸ್. ಅರ್ಥ ಇಷ್ಟೇ, ಬಾಯಿ ವಾಸನೆ. ಜಾಹೀರಾತಿನಲ್ಲಿ ಚಂದದ ಹುಡುಗಿ, ಗೆಳತಿಯರಿಗೆಲ್ಲ ಮದುವೆಯಾಯಿತು, ಇವಳಿಗೆ ಆಗಲಿಲ್ಲ. ಕಾರಣ ಅವಳಿಗೇ ಗೊತ್ತಿಲ್ಲ, ಹತ್ತಿರದವರು ಹೇಳುವುದೂ ಇಲ್ಲ. ಈ ತಂತ್ರದ ಸೂಕ್ಷ್ಮ ಗಮನಿಸಿ. ಹಳ್ಳಿಯಲ್ಲಿ ನಿಮ್ಮ ಬಾಯಿ ವಾಸನೆ ಬಂದರೆ ಅತ್ತೆ ಮುಖಕ್ಕೇ ಹೇಳುತ್ತಿದ್ದಳು. ಪಟ್ಟಣದಲ್ಲಿ, ಅಪರಿಚಿತರ ನಡುವೆ, ಜನ ನಿಮ್ಮನ್ನು ಹೇಗೆ ಅಳೆಯುತ್ತಿದ್ದಾರೆಂದು ತಿಳಿಯುವುದೇ ಇಲ್ಲ. ಆ ಅಳುಕನ್ನೇ ಬಾಟಲಿಯಲ್ಲಿ ತುಂಬಿ ಮಾರಿದರು.

ರೇಡಿಯೊ ಬಂದದ್ದೂ ಆಗಲೇ. 1920ರ ನವೆಂಬರ್ 2ರ ರಾತ್ರಿ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಅಧ್ಯಕ್ಷ ಚುನಾವಣೆಯ ಫಲಿತಾಂಶ ಬಿತ್ತರಿಸಿತು. ಎರಡು ವರ್ಷದಲ್ಲಿ 500ಕ್ಕೂ ಹೆಚ್ಚು ಕೇಂದ್ರಗಳು. 1922ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಒಂದು ಕೇಂದ್ರ 50 ಡಾಲರ್ ಪಡೆದು ಹತ್ತು ನಿಮಿಷ ಸಮಯ ಮಾರಿತು. ಕೊಂಡದ್ದು ಮನೆ ಕಟ್ಟಿ ಮಾರುವ ಕಂಪನಿ. ಬಾನುಲಿಯ ಮೊದಲ ಜಾಹೀರಾತೆಂದು ಸಾಮಾನ್ಯವಾಗಿ ಹೇಳುವುದು ಅದನ್ನೇ. 1930ಕ್ಕೆ ಹತ್ತು ಮನೆಗಳಲ್ಲಿ ನಾಲ್ಕರಲ್ಲಿ ರೇಡಿಯೊ. ಮೇನ್ ರಾಜ್ಯದವನೂ ಕ್ಯಾನ್ಸಸ್‌ನವನೂ ಒಂದೇ ಸಂಜೆ ಒಂದೇ ಹಾಡು ಕೇಳಿ ಮಲಗುವುದು ಅದಕ್ಕೆ ಮೊದಲು ಆಗದ ಮಾತು.

ಹೆಂಗಸರ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ಸರಳವಿಲ್ಲ. 1920ರ ಆಗಸ್ಟ್‌ನಲ್ಲಿ ಮತದಾನದ ಹಕ್ಕು ಬಂತು. ಅದಕ್ಕೆ ಇನ್ನೊಂದೇ ರಾಜ್ಯದ ಒಪ್ಪಿಗೆ ಬಾಕಿಯಿತ್ತು. ಟೆನೆಸಿಯ ವಿಧಾನಸಭೆಯಲ್ಲಿ ಅದು ಕೂದಲೆಳೆಯಲ್ಲಿ ಪಾಸಾಯಿತು. ಹ್ಯಾರಿ ಬರ್ನ್ ಎಂಬ 24 ವರ್ಷದ ಸದಸ್ಯ ವಿರೋಧದ ಕೆಂಪು ಗುಲಾಬಿ ಸಿಕ್ಕಿಸಿಕೊಂಡೇ ಕೂತಿದ್ದರು. ಅಮ್ಮನ ಕಾಗದ ಜೇಬಿನಲ್ಲಿತ್ತು. ಎದ್ದು ಪರವಾಗಿ ಮತ ಹಾಕಿದರು. ಅಮ್ಮ ಹೇಳಿದ ಮಾತು ಕೇಳುವುದೇ ಹುಡುಗನಿಗೆ ಕ್ಷೇಮ ಎಂದು ಮರುದಿನ ಸಮಜಾಯಿಷಿಯನ್ನೂ ಕೊಟ್ಟರು. ಆದರೆ ದಕ್ಷಿಣದ ರಾಜ್ಯಗಳ ಕಪ್ಪು ಹೆಂಗಸರಿಗೆ ಆ ಹಕ್ಕು ಕಾಗದದಲ್ಲೇ ಉಳಿಯಿತು. ಓದು ಬರಹದ ಪರೀಕ್ಷೆ, ಮತ ಹಾಕಲು ತೆರಿಗೆ, ಅದಕ್ಕೂ ಮೀರಿದರೆ ಬೆದರಿಕೆ.

ಲಂಗ ಮೊಣಕಾಲಿಗೆ ಏರಿತು, ಕೂದಲು ಕಿವಿಗೆ ಬಂತು, ಸಿಗರೇಟು ತುಟಿಗೆ ಬಂತು. ಸಿಗರೇಟು ತಾನಾಗಿ ಬರಲಿಲ್ಲ. 1929ರ ಈಸ್ಟರ್ ಭಾನುವಾರ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಯುವತಿಯರು ಸಿಗರೇಟು ಹಚ್ಚಿದರು. ಪತ್ರಿಕೆಗಳು ಸ್ವಾತಂತ್ರ್ಯದ ಪಂಜು ಎಂದು ಬರೆದವು. ಹಿಂದೆ ನಿಂತು ಸೂತ್ರ ಆಡಿಸಿದವರು ತಂಬಾಕು ಕಂಪನಿಯಿಂದ ಸಂಬಳ ಪಡೆಯುತ್ತಿದ್ದ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್, ಮನಶ್ಶಾಸ್ತ್ರಜ್ಞ ಫ್ರಾಯ್ಡ್ ಅವರ ಸಂಬಂಧದಲ್ಲಿ ಸೋದರಳಿಯ. ಇತ್ತ ಮನೆಯಿಂದ ಹೊರಗೆ ದುಡಿಯುವ ಹೆಂಗಸರ ಪಾಲು ನಾಲ್ಕರಲ್ಲಿ ಒಂದರ ಆಸುಪಾಸಿನಲ್ಲೇ ನಿಂತಿತ್ತು. ಶಾಲೆಯ ಟೀಚರಮ್ಮ ಮದುವೆಯಾದರೆ ಎಷ್ಟೋ ಊರುಗಳಲ್ಲಿ ಕೆಲಸ ಬಿಡಬೇಕಿತ್ತು. ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಅಮ್ಮನಿಗೆ ಬಿಡುವು ಸಿಕ್ಕಿತೆ? ಇಲ್ಲ. ಮೊದಲು ಬಟ್ಟೆ ಒಗೆಯಲು ಬರುತ್ತಿದ್ದಾಕೆಯನ್ನು ಬಿಡಿಸಿದರು, ವಾರಕ್ಕೊಮ್ಮೆ ಬದಲಿಸುತ್ತಿದ್ದ ಅಂಗಿ ದಿನಕ್ಕೊಂದಾಯಿತು. ಈ ಸಭೆಯ ಹೆಂಗಸರು ನಗುತ್ತಿದ್ದೀರಿ, ಅಂದರೆ ವಿವರಿಸಬೇಕಾಗಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ. ಮಾರ್ಗರೆಟ್ ಸ್ಯಾಂಗರ್ ಅಮೆರಿಕದಲ್ಲಿ ಸಂತಾನ ನಿಯಂತ್ರಣದ ಚಳವಳಿ ಕಟ್ಟುತ್ತಿದ್ದಾಗ, ಆ ವಿಷಯದ ಮಾಹಿತಿಯನ್ನು ಅಂಚೆಯಲ್ಲಿ ಕಳಿಸುವುದು 1873ರ ಕಾನೂನಿನ ಪ್ರಕಾರ ಅಶ್ಲೀಲತೆಯ ಅಪರಾಧ. ಇತ್ತ 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತಾನೇ ಮುಂದಾಗಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಿತು. ಆಧುನಿಕತೆ ಎಂಬುದು ನ್ಯೂಯಾರ್ಕಿನಿಂದ ಹಡಗು ಹತ್ತಿ ನಮ್ಮಲ್ಲಿಗೆ ಬಂತು ಅಂದುಕೊಂಡವರು ಈ ಎರಡು ಸಂಗತಿ ಅಕ್ಕಪಕ್ಕ ಇಟ್ಟು ನೋಡಬೇಕು.

ಪಾನನಿಷೇಧದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಸಿನಿಮಾಗಳಿವೆ. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಇಡೀ ದೇಶದಲ್ಲಿ ಹೆಂಡ ನಿಷಿದ್ಧ. ಡಾಕ್ಟರ ಚೀಟಿ ಇದ್ದರೆ ಮಾತ್ರ ಔಷಧ ಅಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಕಾಗದ ಅಂದೆನಲ್ಲ, ಇಲ್ಲೂ ಅದೇ.

ಎಲ್ಲ ಕಡೆ ಅಪರಿಚಿತರು ತುಂಬಿಕೊಂಡಾಗ ಭಯ ಹುಟ್ಟುತ್ತದೆ. ಭಯಕ್ಕೂ ಒಂದು ಮಾರುಕಟ್ಟೆ ಇದೆ. ಕು ಕ್ಲಕ್ಸ್ ಕ್ಲಾನ್ ಎಂದರೆ ಬಿಳಿ ಮುಸುಕಿನ ದಕ್ಷಿಣದ ಪುಂಡರು ಎಂದಷ್ಟೇ ನಮಗೆ ಗೊತ್ತು. 1915ರಲ್ಲಿ ಜಾರ್ಜಿಯಾದಲ್ಲಿ ಮತ್ತೆ ಹುಟ್ಟಿದ ಕ್ಲಾನ್ ಐದು ವರ್ಷ ಕುಂಟುತ್ತಿತ್ತು. 1920ರಲ್ಲಿ ಇಬ್ಬರು ಪ್ರಚಾರ ಏಜೆಂಟರಿಗೆ ಅದನ್ನು ಬೆಳೆಸುವ ಗುತ್ತಿಗೆ ಕೊಟ್ಟರು. ಸದಸ್ಯತ್ವಕ್ಕೆ 10 ಡಾಲರ್. ಅದರಲ್ಲಿ 4 ಡಾಲರ್ ಸದಸ್ಯನನ್ನು ಕರೆತಂದವನಿಗೆ, ಉಳಿದದ್ದು ಮೇಲಿನವರಿಗೆ ಪಾಲುಪಾಲಾಗಿ. ಕಾರು ಮಾರಿದ ಹಾಗೆ, ಕಮಿಷನ್ ಮೇಲೆ ದ್ವೇಷದ ಮಾರಾಟ. ದಶಕದ ನಡುವೆ ಸದಸ್ಯರು 40 ಲಕ್ಷದವರೆಗೆ ಇದ್ದರೆಂಬ ಅಂದಾಜಿದೆ. ಇಂಡಿಯಾನಾ, ಆರೆಗನ್, ಕೊಲರಾಡೊದಂಥ ಉತ್ತರ ಮತ್ತು ಪಶ್ಚಿಮದ ರಾಜ್ಯಗಳಲ್ಲೂ ಅವರದ್ದೇ ಜೋರು. ದಂತವೈದ್ಯರು, ಅಂಗಡಿಯವರು, ಪಾದ್ರಿಗಳು ಸೇರಿದ್ದರು. ಕರಿಯರು ಮಾತ್ರ ಗುರಿಯಲ್ಲ. ಕ್ಯಾಥಲಿಕ್ಕರು, ಯಹೂದಿಗಳು, ಹೊಸದಾಗಿ ಬಂದ ವಲಸಿಗರು ಎಲ್ಲರೂ. 1925ರಲ್ಲಿ ಇಂಡಿಯಾನಾದ ಕ್ಲಾನ್ ನಾಯಕ ಡಿ. ಸಿ. ಸ್ಟೀಫನ್‌ಸನ್‌ಗೆ ಯುವತಿಯೊಬ್ಬಳ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದ ಮೇಲೆ, ಹೆಂಗಸರ ಮಾನ ಕಾಯುವವರು ನಾವು ಎಂಬ ಅವರ ಮಾತು ಮೂರು ಕಾಸಿಗೂ ಬೆಲೆ ಬಾಳಲಿಲ್ಲ.

ಅದೇ ವರ್ಷ ಜುಲೈನಲ್ಲಿ ಟೆನೆಸಿಯ ಡೇಟನ್ ಎಂಬ ಪುಟ್ಟ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ 24 ವರ್ಷದ ಮೇಷ್ಟರ ವಿಚಾರಣೆ. ಮನುಷ್ಯ ಕೆಳಗಿನ ಪ್ರಾಣಿಯಿಂದ ವಿಕಾಸವಾದ ಎಂದು ಸರ್ಕಾರಿ ಶಾಲೆಯಲ್ಲಿ ಕಲಿಸುವುದನ್ನು ಆ ರಾಜ್ಯ ನಿಷೇಧಿಸಿತ್ತು. ಇದನ್ನು ವಿಜ್ಞಾನ ಮತ್ತು ಧರ್ಮದ ಮಹಾಯುದ್ಧ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ನಿಜವೇ. ಆದರೆ ಶುರುವಾದದ್ದು ಔಷಧ ಅಂಗಡಿಯ ಮೇಜಿನ ಸುತ್ತ. ಈ ಕಾನೂನನ್ನು ಪ್ರಶ್ನಿಸಲು ಒಬ್ಬ ಮೇಷ್ಟರು ಬೇಕು ಎಂದು ನಾಗರಿಕ ಹಕ್ಕುಗಳ ಸಂಘವೊಂದು ಪತ್ರಿಕೆಯಲ್ಲಿ ಪ್ರಕಟಿಸಿತ್ತು. ನಮ್ಮೂರಲ್ಲೇ ಮೊಕದ್ದಮೆ ನಡೆದರೆ ಊರಿಗೆ ಹೆಸರು ಬರುತ್ತೆ, ವ್ಯಾಪಾರ ಆಗುತ್ತೆ ಎಂದು ಊರ ಹಿರಿಯರು ಲೆಕ್ಕ ಹಾಕಿ ಮೇಷ್ಟರನ್ನು ಒಪ್ಪಿಸಿದರು. ಜಾತ್ರೆಯೇ ನೆರೆಯಿತು. ಷಿಕಾಗೊದ ರೇಡಿಯೊ ಕೇಂದ್ರ ಕೋರ್ಟಿನಿಂದ ನೇರ ಪ್ರಸಾರ ಮಾಡಿತು. 100 ಡಾಲರ್ ದಂಡ ಬಿತ್ತು, ಆಮೇಲೆ ತಾಂತ್ರಿಕ ಕಾರಣಕ್ಕೆ ಅದೂ ರದ್ದಾಯಿತು. ಧರ್ಮದ ಪರ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ವಿಚಾರಣೆ ಮುಗಿದ ಐದೇ ದಿನಕ್ಕೆ ತೀರಿಕೊಂಡರು. ಕಾನೂನು ಮಾತ್ರ 1967ರವರೆಗೆ ಬದುಕಿತ್ತು.

ನ್ಯೂಯಾರ್ಕಿನ ಕಪ್ಪು ಜನರ ಕೇರಿ ಹಾರ್ಲೆಮ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು. ಒಂದೇ ಎಳೆ ಹಿಡಿಯುತ್ತೇನೆ. ದಕ್ಷಿಣದ ಹತ್ತಿ ಹೊಲ ಬಿಟ್ಟು ಲಕ್ಷಗಟ್ಟಲೆ ಕಪ್ಪು ಜನ ಷಿಕಾಗೊ, ಡೆಟ್ರಾಯ್ಟ್, ನ್ಯೂಯಾರ್ಕಿಗೆ ರೈಲು ಹತ್ತಿದ್ದರು. ನ್ಯೂ ಆರ್ಲಿಯನ್ಸ್‌ನ ಜಾಝ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಷಿಕಾಗೊಗೆ ಬಂದದ್ದು 1922ರಲ್ಲಿ. 1920ರಲ್ಲಿ ಕಪ್ಪು ಗಾಯಕಿ ಮೇಮಿ ಸ್ಮಿತ್ ಹಾಡಿದ ಬ್ಲೂಸ್ ಹಾಡಿನ ಗ್ರಾಮಫೋನ್ ತಟ್ಟೆ ಬಿಸಿಬಿಸಿಯಾಗಿ ಖರ್ಚಾದಾಗ ಕಂಪನಿಗಳಿಗೆ ಜ್ಞಾನೋದಯವಾಯಿತು: ಕಪ್ಪು ಜನರೂ ದುಡ್ಡು ಕೊಟ್ಟು ತಟ್ಟೆ ಕೊಳ್ಳುತ್ತಾರೆ! ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್ ಬರೆಯತೊಡಗಿದರು. ಕಪ್ಪು ಜನರ ಚಿಂತಕ ಡುಬಾಯ್ಸ್ ಅವರ ಪತ್ರಿಕೆ ಹೊಸಬರಿಗೆ ಜಾಗ ಕೊಟ್ಟಿತು. 1927ರ ಡಿಸೆಂಬರ್‌ನಿಂದ ಡ್ಯೂಕ್ ಎಲಿಂಗ್ಟನ್ ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ನುಡಿಸಿದರು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜುಗಳಲ್ಲಿ ಬಿಳಿಯ ಗಿರಾಕಿಗಳು. ಕಪ್ಪು ಜನರ ಕೇರಿಯ ನಡುವೆಯೇ ಇದ್ದ ಆ ಕ್ಲಬ್ಬಿಗೆ ಆ ಕೇರಿಯವರಿಗೆ ಪ್ರವೇಶವಿಲ್ಲ. ಆದರೆ ಅಲ್ಲಿಂದ ರೇಡಿಯೊ ಪ್ರಸಾರವಾಗುತ್ತಿತ್ತು. ಮುಂಬಾಗಿಲಿನಿಂದ ಎಲಿಂಗ್ಟನ್ ಅವರನ್ನು ಒಳಗೆ ಬಿಡದ ಎಷ್ಟೋ ಮನೆಗಳ ನಡುಮನೆಯಲ್ಲಿ ಅವರ ಪಿಯಾನೊ ರಾತ್ರಿಯೆಲ್ಲ ಕೂತಿರುತ್ತಿತ್ತು. ದನಿಗೆ ಮುಖವಿಲ್ಲವಲ್ಲ.

ಈಗ ಮುಖದ ಮಾತಿಗೇ ಬರುತ್ತೇನೆ. ಈ ಉಪನ್ಯಾಸ ಒಪ್ಪಿಕೊಂಡದ್ದೇ ಈ ಭಾಗಕ್ಕಾಗಿ ಎಂದರೂ ಸರಿ.

ಅಮೃತಸರದ ಕಡೆಯ ಭಗತ್ ಸಿಂಗ್ ಥಿಂದ್ 1913ರಲ್ಲಿ ಅಮೆರಿಕಕ್ಕೆ ಹೋದವರು. ಆರೆಗನ್‌ನ ಮರದ ಮಿಲ್ಲಿನಲ್ಲಿ ದುಡಿದರು. ಯುದ್ಧದ ಕೊನೆಯ ವರ್ಷ ಅಮೆರಿಕದ ಸೇನೆ ಸೇರಿದರು, ಪೇಟ ತೊಟ್ಟೇ. 1918ರ ಡಿಸೆಂಬರ್‌ನಲ್ಲಿ ಸಮವಸ್ತ್ರದಲ್ಲೇ ಪೌರತ್ವ ಪಡೆದರು. ಕೆಲವೇ ದಿನಗಳಲ್ಲಿ ಅದನ್ನು ಕಿತ್ತುಕೊಂಡರು. ಎರಡು ವರ್ಷದ ಮೇಲೆ ಆರೆಗನ್‌ನ ಕೋರ್ಟ್ ಮತ್ತೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು. ಆಗಿನ ಕಾನೂನಿನಲ್ಲಿ ಪೌರತ್ವ ಪಡೆಯಲು ‘ಬಿಳಿಯ’ ಆಗಿರಬೇಕು, ಇಲ್ಲವೇ ಆಫ್ರಿಕಾ ಮೂಲದವರಾಗಿರಬೇಕು. 1922ರ ನವೆಂಬರ್‌ನಲ್ಲಿ ಜಪಾನಿನ ಟಾಕಾವೊ ಒಜಾವಾ ಎಂಬವರ ಅರ್ಜಿ ತಿರಸ್ಕರಿಸುತ್ತ ಸುಪ್ರೀಂ ಕೋರ್ಟ್ ಹೇಳಿತ್ತು: ಬಿಳಿ ಎಂದರೆ ಮೈಬಣ್ಣವಲ್ಲ, ಕಾಕೇಸಿಯನ್ ಜನಾಂಗ (ಆಗಿನ ವಿದ್ವಾಂಸರು ಯುರೋಪಿನವರನ್ನು ಸೇರಿಸುತ್ತಿದ್ದ ಗುಂಪು). ಮೂರೇ ತಿಂಗಳಿಗೆ ಥಿಂದ್ ಪ್ರಕರಣ ಬಂತು. ನಿಮ್ಮ ವಿದ್ವಾಂಸರ ಪುಸ್ತಕಗಳ ಪ್ರಕಾರವೇ ಉತ್ತರ ಭಾರತದವರು ಆರ್ಯರು, ಕಾಕೇಸಿಯನ್ನರು ಎಂದು ಅವರ ಪರ ವಾದ. ಮೇಲ್ಜಾತಿಯ ಅಹಂಕಾರವೂ ಆ ವಾದದಲ್ಲಿ ಬೆರೆತಿತ್ತು. ಅದನ್ನು ಮುಚ್ಚಿಡುವುದು ಬೇಡ. 1923ರ ಫೆಬ್ರವರಿ 19ರಂದು ಅದೇ ನ್ಯಾಯಾಲಯ, ಅದೇ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಬರೆದ ತೀರ್ಪು: ವಿದ್ವಾಂಸರು ಏನಾದರೂ ಹೇಳಿಕೊಳ್ಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಈತ ಬಿಳಿಯನಲ್ಲ.

ಸಾಲಕ್ಕೆ ಮುಖ ಬೇಡ, ಕಾಗದ ಸಾಕು ಎಂದು ದೇಶ ಕಲಿಯುತ್ತಿದ್ದ ಹೊತ್ತಿನಲ್ಲೇ, ಪೌರತ್ವಕ್ಕೆ ಕಾಗದ ಸಾಲದು, ಮುಖ ತೋರಿಸು ಎಂದಿತು.

ತೀರ್ಪಿನ ಬೆನ್ನಿಗೆ ಈಗಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲು ಹೊರಟರು. ಅವರಲ್ಲಿ ಪೇಶಾವರದ ವೈಷ್ಣೋ ದಾಸ್ ಬಗಾಯಿ ಒಬ್ಬರು. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಅಂಗಡಿ ಹಾಕಿದ್ದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಹೇರಿಕೊಂಡು ಹೋದಾಗ ನೆರೆಹೊರೆಯವರು ಬಾಗಿಲಿಗೆ ಬೀಗ ಜಡಿದು ನಿಂತಿದ್ದರು. ಮಕ್ಕಳನ್ನು ಕರೆದುಕೊಂಡು ಹಿಂದಿರುಗಿದರು. 1921ರಲ್ಲಿ ಪೌರತ್ವ ಸಿಕ್ಕಿತ್ತು. ಅದು ಹೋಯಿತು. ಪೌರರಲ್ಲದ ಏಷ್ಯದವರಿಗೆ ಆಸ್ತಿ ಕೂಡದೆಂಬ ಕ್ಯಾಲಿಫೋರ್ನಿಯಾದ ಕಾನೂನಿನಿಂದ ಅಂಗಡಿ ಹೋಯಿತು. ಊರಿಗೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಅದೂ ಇಲ್ಲ. 1928ರಲ್ಲಿ ಅವರು ತಾವೇ ಜೀವ ಕಳೆದುಕೊಂಡರು. ತಾನು ಚಿನ್ನದ ಪಂಜರದಲ್ಲಿದ್ದೇನೆ ಎಂಬರ್ಥದ ಅವರ ಕೊನೆಯ ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ಬರ್ಕ್ಲಿಯಲ್ಲಿ ಇಂದು ಕಲಾ ಬಗಾಯಿ ಅವರ ಹೆಸರಿನ ಒಂದು ರಸ್ತೆಯಿದೆ.

1924ರ ವಲಸೆ ಕಾಯಿದೆ ಈ ತೀರ್ಪಿನ ಅಣ್ಣತಮ್ಮ. ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದು? ಅಮೆರಿಕದಲ್ಲಿ ಆಗಲೇ ಇರುವ ಆ ದೇಶದವರ ಶೇಕಡಾ 2. ಆದರೆ ಎಣಿಕೆಗೆ ಹಿಡಿದದ್ದು ಕೈಗೆಟಕುವಂತಿದ್ದ 1920ರ ಜನಗಣತಿಯನ್ನಲ್ಲ, 1890ರದನ್ನು. ಇಟಲಿಯವರು, ಪೋಲೆಂಡಿನವರು, ರಷ್ಯದ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ಮೇಲೆ! ಏಷ್ಯದವರಿಗಂತೂ ಬಾಗಿಲೇ ಮುಚ್ಚಿತು. ದೇಶವಾರು ಈ ಕೋಟಾ ಮುಗಿದದ್ದು 1965ರ ಕಾಯಿದೆಯಿಂದ; ನಮ್ಮ ಕಡೆಯ ಡಾಕ್ಟರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋದದ್ದು ಆ ಬಾಗಿಲಿನಿಂದ. ಮಗನ ಗ್ರೀನ್ ಕಾರ್ಡ್ ಯಾಕೆ ವರ್ಷಗಟ್ಟಲೆ ತಡವಾಗುತ್ತೆ ಎಂದು ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು. ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಕೂಡದೆಂಬ ಮಿತಿ ಈಗಲೂ ಇದೆ. ಹಳೆಯ ಕೋಟಾದಷ್ಟು ಕ್ರೂರವಲ್ಲ. ಆದರೂ ಹುಟ್ಟಿದ ದೇಶ ನೋಡಿ ಸಾಲು ನಿಲ್ಲಿಸುವ ಅಭ್ಯಾಸ ಪೂರ್ತಿ ಹೋಗಿಲ್ಲ ಎಂದು ಉತ್ತರಿಸಿದೆ.

ಇನ್ನು ದಶಕದ ಕೊನೆ. ಕಂತಿನ ರುಚಿ ಹತ್ತಿದ ಮೇಲೆ ಜನ ಕಾರಿಗೇ ನಿಲ್ಲಲಿಲ್ಲ. ಫ್ಲಾರಿಡಾದಲ್ಲಿ ನೋಡದೆಯೇ ನಿವೇಶನ ಕೊಂಡರು. ಶೇಕಡಾ 10 ಮುಂಗಡ ಕೊಟ್ಟು ಚೀಟಿ ಹಿಡಿ, ಎರಡನೇ ಕಂತು ಬರುವ ಮೊದಲೇ ಚೀಟಿಯನ್ನು ಇನ್ನೊಬ್ಬನಿಗೆ ಮಾರು. 1926ರ ಸೆಪ್ಟೆಂಬರ್‌ನ ಚಂಡಮಾರುತ ಮಯಾಮಿಗೆ ಬಡಿಯುವ ಹೊತ್ತಿಗೆ ಚೀಟಿಯ ಆಟ ಆಗಲೇ ನಿಂತಿತ್ತು. ಆಮೇಲೆ ಷೇರು. ಅದಕ್ಕೂ ಸ್ವಲ್ಪ ಮುಂಗಡ, ಉಳಿದದ್ದು ದಲ್ಲಾಳಿಯ ಸಾಲ. ರೇಡಿಯೊ ಕಂಪನಿಯ ಷೇರು 1928 ಒಂದೇ ವರ್ಷದಲ್ಲಿ 85 ಡಾಲರ್‌ನಿಂದ 420ಕ್ಕೆ ಏರಿತು, ಒಂದು ಪೈಸೆ ಲಾಭಾಂಶ ಕೊಡದೆ. 1929ರ ಅಕ್ಟೋಬರ್ 29ರ ಮಂಗಳವಾರ ಬೆಲೆ ಕುಸಿದು 1 ಕೋಟಿ 60 ಲಕ್ಷ ಷೇರು ಕೈಬದಲಾದವು. ಆದರೆ 12 ಕೋಟಿ ಜನರಲ್ಲಿ ಷೇರು ದಲ್ಲಾಳಿಗಳ ಬಳಿ ಖಾತೆ ಇದ್ದವರು ಸುಮಾರು 15 ಲಕ್ಷ. ಹಾಗಾದರೆ ಷೇರು ಮುಟ್ಟದವನ ಮನೆಗೆ ಬೆಂಕಿ ಹೇಗೆ ತಲುಪಿತು?

ದಾರಿಗಳು ಹಲವು, ಒಂದು ದಾರಿ ಕಂತಿನದು. ಆಗಿನ ಒಪ್ಪಂದಗಳಲ್ಲಿ ಕಂತು ತಪ್ಪಿದರೆ ಗಾಡಿ ಎಳೆದುಕೊಂಡು ಹೋಗುತ್ತಿದ್ದರು. 12 ಕಂತಿನಲ್ಲಿ 9 ಕಟ್ಟಿ 10ನೆಯದಕ್ಕೆ ತಪ್ಪಿದಿರಿ ಎನ್ನಿ. ಗಾಡಿಯೂ ಹೋಯಿತು, ಕಟ್ಟಿದ 9 ಕಂತೂ ಹೋಯಿತು. ನಮ್ಮಪ್ಪನ ಉದ್ರಿ ಪುಸ್ತಕವಾಗಿದ್ದರೆ, ಮುಂದಿನ ಸುಗ್ಗಿಗೆ ನೋಡೋಣ ಬಿಡು ಎನ್ನಬಹುದಿತ್ತು. ಕಾಗದಕ್ಕೆ ಸುಗ್ಗಿ ಗೊತ್ತಿಲ್ಲ. ಹಾಗಾಗಿ 1930ರಲ್ಲಿ ಕೆಲಸದ ಬಗ್ಗೆ ಭಯ ಹುಟ್ಟಿದ ಕೂಡಲೇ ಸಂಸಾರಗಳು ಬೇರೆಲ್ಲ ಖರ್ಚು ನಿಲ್ಲಿಸಿ ಕಂತು ಮಾತ್ರ ಬಿಡದೆ ಕಟ್ಟಿದವು. ಹೊಸ ಬೂಟಿಲ್ಲ, ಹೊಸ ಅಂಗಿಯಿಲ್ಲ. ಬೂಟು ಮಾಡುವವನ ಕೆಲಸ ಹೋಯಿತು, ಅಂಗಿ ಹೊಲಿಯುವವಳ ಕೆಲಸ ಹೋಯಿತು. ಅವರ ಮನೆಯ ಮುಂದೆಯೂ ಕಂತಿನ ಗಾಡಿ ನಿಂತಿತ್ತು.

ಆ ಗಾಡಿಗಳನ್ನು ಜನ ಕೊನೆಯವರೆಗೂ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಓಕ್ಲಹೋಮದ ಕಡೆ ಬರ ಬಿದ್ದು, ಹೊಲ ಬ್ಯಾಂಕಿನ ಪಾಲಾದಾಗ, ಹಾಸಿಗೆ, ಪಾತ್ರೆ, ಮಕ್ಕಳನ್ನು ಅದೇ ಗಾಡಿಗೆ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟರು. 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಮುಖ್ಯಸ್ಥರು ರಾಜ್ಯದ ಗಡಿಗಳಿಗೆ ನೂರಕ್ಕೂ ಹೆಚ್ಚು ಪೊಲೀಸರನ್ನು ಕಳಿಸಿದ್ದರು. ಬಂದ ಗಾಡಿಯನ್ನು ತಡೆದು, ಒಳಗೆ ಕೂತವರ ಮುಖ ನೋಡಿ, ಕೈಯಲ್ಲಿ ಕಾಸಿದೆಯೇ ಎಂದು ಕೇಳಿ, ಇಲ್ಲದವರನ್ನು ಹಿಂದಕ್ಕೆ ತಿರುಗಿಸುತ್ತಿದ್ದರು.